ಮುಕ್ಕಾಲು ಇಂಚು

ಬೆಳಗಿನಿಂದ ಅಪೂರ್ವಳ ಕಣ್ಣಿಗೆ ಭುಜಗಳ ಹೊರತು ಬೇರೇನೂ ಬೀಳುತ್ತಿರಲಿಲ್ಲ. ವಿಜಯನಗರ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲಲ್ಲಿ ಅವಳ ಮುಂದೆ ಹತ್ತುತ್ತಿದ್ದ ಜನಕ್ಕೆ ಮುಖವಿರಲಿಲ್ಲ, ವಯಸ್ಸಿರಲಿಲ್ಲ, ಹೋಗಿ ಸೇರಬೇಕಾದ ಆಫೀಸಿರಲಿಲ್ಲ. ಇದ್ದದ್ದು ಎರಡೆರಡು ಭುಜ ಮಾತ್ರ. ಲ್ಯಾಪ್‌ಟಾಪ್ ಚೀಲದ ಭಾರಕ್ಕೆ ಬಲಕ್ಕೆ ವಾಲಿದ್ದು, ಮಗುವನ್ನೆತ್ತಿ ಎತ್ತಿ ಎಡಕ್ಕೆ ಏರಿದ್ದು, ಯಾವುದೋ ಹಳೆಯ ಬೈಗುಳ ಇನ್ನೂ ಬೆನ್ನ ಹಿಂದೆಯೇ ಬರುತ್ತಿದೆಯೆಂಬಂತೆ ಕಿವಿಯವರೆಗೆ ಮುದುಡಿಕೊಂಡದ್ದು. ಸರಿಸಮ ಇರುವ ಒಂದೇ ಒಂದು ಜೊತೆ ಸಿಕ್ಕರೆ ಸಾಕು, ಇವತ್ತಿನ ದಿನ ನೆಟ್ಟಗೆ ಕಳೆಯುತ್ತದೆ ಎಂದು ತನ್ನೊಳಗೇ ಒಂದು ಶಕುನ ಕಟ್ಟಿಕೊಂಡಳು. ರೈಲು ಬಂತು, ಹೊಸಹಳ್ಳಿ ಕಳೆಯಿತು, ಒಂದು ಜೊತೆಯೂ ಸಿಗಲಿಲ್ಲ. ಸಿಗದೆ ಹೋದದ್ದಕ್ಕೆ ಅವಳಿಗೆ ಒಳಗೊಳಗೇ ಖುಷಿಯಾಯಿತು, ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ಫೋನನ್ನು ಮತ್ತೆ ತೆರೆದಳು. ತಿಂಡಿಯ ಹೊತ್ತಿಗೆ ಬಂದಿದ್ದ ಫೋಟೋ ಅದು. ಕಳಿಸಿದವನು ಸುಘೋಷ್, ಬಿನ್ನಿಪೇಟೆಯ ಹಳೆಯ ಗೋದಾಮೊಂದರಲ್ಲಿ ಹೊಸದಾಗಿ ಶುರುವಾಗಿರುವ ಉಡುಪು ಸಂಗ್ರಹಾಲಯದಲ್ಲಿ ಬೊಂಬೆಗಳಿಗೆ ಬಟ್ಟೆ ತೊಡಿಸುವವನು. ಫೋಟೋದಲ್ಲಿ ಅಪೂರ್ವ ಹೊಲಿದ ಕೋಟು ಬೊಂಬೆಯ ಮೈಮೇಲಿತ್ತು. ಎಡಭುಜದ ತುದಿಯಿಂದ ಎದೆಯ ಕಡೆಗೆ ಒಂದು ಸುಕ್ಕು, ನಿದ್ದೆಯಲ್ಲಿ ಯಾರೋ ಹುಬ್ಬು ಗಂಟಿಕ್ಕಿದ ಹಾಗೆ. ಕಾಲರು ಎಡಗಡೆ ಮಾತ್ರ ಕತ್ತು ಬಿಟ್ಟು ಎದ್ದು ನಿಂತಿತ್ತು. ಕೆಳಗೆ ಬರೆದಿದ್ದ: "ಇದೊಂದು ಯಾಕೋ ಕೂರ್ತಿಲ್ಲ. ಬರೋಕಾಗತ್ತಾ? ನಾಳೆ ಓಪನಿಂಗ್."

ಬಾಯಲ್ಲಿದ್ದ ಉಪ್ಪಿಟ್ಟು ನುಂಗುವ ಮೊದಲೇ ಅವಳಿಗೆ ಕಾರಣ ಗೊತ್ತಾಗಿಬಿಟ್ಟಿತ್ತು, ಯಾಕೆಂದರೆ ಕಾರಣ ಎದುರಿಗೇ ಕೂತು ಕಾಫಿ ಆರಿಸಿಕೊಳ್ಳುತ್ತಿತ್ತು. ಅಜ್ಜಿ ಶಿವಕ್ಕನ ಎಡಭುಜ ಬಲಕ್ಕಿಂತ ಮುಕ್ಕಾಲು ಇಂಚು ಕೆಳಗೆ. ಹುಟ್ಟಿದಾಗಿನಿಂದ ಆ ಬೆನ್ನನ್ನು ನೋಡುತ್ತ ಬೆಳೆದ ಅಪೂರ್ವಳಿಗೆ ಅದು ಕೆಳಗೆ ಎಂದು ಎಷ್ಟೋ ಸಲ ಅನ್ನಿಸುತ್ತಲೇ ಇರಲಿಲ್ಲ. ಭುಜಗಳೆಂದರೆ ಹಾಗೇ ಇರುವುದು, ಎಡಗಡೆ ಸ್ವಲ್ಪ ಇಳಿಜಾರು, ಆರ್‌ಪಿಸಿ ಲೇಔಟಿನ ಅವರ ರಸ್ತೆಯ ಹಾಗೆ. ಯಾಕೆ ಹೀಗಾಯಿತೆಂದು ಚಿಕ್ಕವಳಿದ್ದಾಗ ಕೇಳಿದರೆ ಅಜ್ಜಿ ಒಂದೊಂದು ಸಲ ಒಂದೊಂದು ಹೇಳುತ್ತಿದ್ದಳು. ಹನ್ನೆರಡು ವರ್ಷ ನಿದ್ದೆಯಿಲ್ಲದ ರಾಜಕುಮಾರನೊಬ್ಬ ಒಂದು ಮಧ್ಯಾಹ್ನ ಆ ಭುಜಕ್ಕೆ ಒರಗಿ ಮಲಗಿದನಂತೆ, ಅವನು ಏಳುವವರೆಗೆ ಅಜ್ಜಿ ಅಲುಗಾಡಲಿಲ್ಲವಂತೆ. ಇನ್ನೊಂದು ಸಲ, ಬಿನ್ನಿಪೇಟೆಯ ಮಿಲ್ಲಿನ ಸೈರನ್ನು ದಿನಾ ಕೂಗಿ ಕೂಗಿ ದಣಿದು, ಅಜ್ಜಿ ಪಾಳಿ ಮುಗಿಸಿ ಬರುವಾಗ ಹೆಗಲ ಮೇಲೆ ಕೂತು ಅತ್ತಿತಂತೆ. ನಿಜ ಏನಿತ್ತೋ, ಅಪೂರ್ವ ಯಾವತ್ತೂ ಒತ್ತಾಯಿಸಿ ಕೇಳಿರಲಿಲ್ಲ. "ಫೋನ್ ನೋಡ್ಕೊಂಡು ತಿಂದ್ರೆ ಮೈಗೆ ಹತ್ತಲ್ಲ ಕಣೇ" ಎಂದಳು ಅಜ್ಜಿ. "ಅದಿರ್ಲಿ, ನನ್ನ ರವಿಕೆ ಎಲ್ಲಿಗೆ ಬಂತು? ಭಾನುವಾರ ಮದುವೆ." "ಆಗತ್ತೆ ಅಜ್ಜಿ." "ಆಗತ್ತೆ ಅಂತ ಎರಡು ತಿಂಗಳಿಂದ ಆಗ್ತಾನೇ ಇದೆ." ಅಪೂರ್ವ ತಟ್ಟೆ ತೊಳೆಯಲು ಎದ್ದಳು. ರವಿಕೆ ಆಗಿರಲಿಲ್ಲ. ಅದರ ಬಟ್ಟೆ ಅವಳು ಕೆಲಸಕ್ಕಿರುವ ಸ್ಟುಡಿಯೋದಲ್ಲಿ, ಅವಳ ಮೇಜಿನ ಕೆಳಗಿನ ಡಬ್ಬದಲ್ಲಿತ್ತು. ಅಳತೆಗೆಂದು ಅಜ್ಜಿ ಕೊಟ್ಟಿದ್ದ ಹಳೆಯ ರವಿಕೆ ಚೀಲದ ತಳದಲ್ಲಿತ್ತು. ಅದರಿಂದಲೇ ಎಲ್ಲ ಆದದ್ದು.

ರಾಜಾಜಿನಗರದ ಆ ಸ್ಟುಡಿಯೋದಲ್ಲಿ ಕಾಲ ಆರು ತಿಂಗಳು ಮುಂದೆ ಓಡುತ್ತಿತ್ತು. ಹೊರಗೆ ಯುಗಾದಿಯ ಮಾವಿನೆಲೆ ಮಾರುವ ಹೊತ್ತಿಗೆ ಒಳಗೆ ಚಳಿಗಾಲದ ಕಲೆಕ್ಷನ್ ಮುಗಿದಿರಬೇಕು. ಏಪ್ರಿಲ್ ಬಿಸಿಲಿಗೆ ಫ್ಯಾನಿನ ಕೆಳಗೆ ಬೆವರು ಒರೆಸಿಕೊಳ್ಳುತ್ತ ಉಣ್ಣೆಯ ಕೋಟಿಗೆ ಗುಂಡಿ ಹಚ್ಚಬೇಕು. ಪ್ಯಾಟರ್ನ್ ಕತ್ತರಿಸುವ ಕೆಲಸಕ್ಕೆ ಸೇರಿ ಮೂರು ವರ್ಷವಾದ ಮೇಲೆ ಅಪೂರ್ವಳಿಗೆ ತಾನು ಎಲ್ಲರಿಗಿಂತ ಅರ್ಧ ವರ್ಷ ಮೊದಲೇ ಮುದುಕಿಯಾಗುತ್ತೇನೇನೋ ಎಂಬ ಸುಖವಾದ ಭ್ರಮೆ ಹುಟ್ಟಿತ್ತು. ಡಿಸೈನರ್ ಗಿರಿರಾಜ್ ಸಂಗ್ರಹಾಲಯದ ಪ್ರದರ್ಶನಕ್ಕೆಂದು ಕೊಟ್ಟದ್ದು ಒಂದು ಸ್ಕೆಚ್ ಮಾತ್ರ: ಕರಿ ಕಂಬಳಿಯ ಉದ್ದ ಕೋಟು, ಒಳಗೆ ದಾಳಿಂಬೆ ಬಣ್ಣದ ರೇಷ್ಮೆ, ಎಡ ಬಲ ಬೇರೆ ಬೇರೆ ಕತ್ತರಿಕೆ. ಕೊಟ್ಟವರು ಶೋ ಇದೆಯೆಂದು ಮುಂಬೈಗೆ ಹೋದರು, ಅವರ ಜೊತೆ ಸ್ಟುಡಿಯೋದ ಅಳತೆಯ ಬೊಂಬೆಗಳೂ ಟೆಂಪೋ ಹತ್ತಿ ಹೋದವು. ಖಾಲಿ ಸ್ಟುಡಿಯೋ, ಮೇಜಿನ ತುಂಬ ಕಂಬಳಿ, ಅದರಿಂದ ಏಳುವ ಕುರಿಮಂದೆಯ ಬೆಚ್ಚನೆಯ ವಾಸನೆ. ಅವಳಿಗೆ ಒಂದು ಮೈ ಬೇಕಿತ್ತು. ಚಾರ್ಟಿನಲ್ಲಿದ್ದ ಅಂಕಿಗಳಿಗೆ ಮೈಯಿರಲಿಲ್ಲ. ಕೈ ತಾನಾಗಿ ಚೀಲಕ್ಕೆ ಹೋಯಿತು, ಅಜ್ಜಿಯ ರವಿಕೆಯನ್ನು ಹೊರತೆಗೆಯಿತು, ಮಡಿಸದೆ ಪೂರ್ತಿ ಬಿಚ್ಚಿ ಹಾಸಿತು. ಅವರ ಬೀದಿಯ ಕೊನೆಯಲ್ಲಿ ಅಂಗಡಿಯಿಟ್ಟಿರುವ ಗೂಳಪ್ಪ ಇಪ್ಪತ್ತು ವರ್ಷದ ಹಿಂದೆ ಹೊಲಿದ ರವಿಕೆ ಅದು. ಅವನು ಅಜ್ಜಿಗೆ ಏನೂ ಹೇಳದೆ, ಅಜ್ಜಿಯನ್ನು ಏನೂ ಕೇಳದೆ, ಎಡಭುಜವನ್ನು ಮುಕ್ಕಾಲು ಇಂಚು ಇಳಿಸಿ ಕತ್ತರಿಸಿದ್ದ. ಅಲ್ಲಲ್ಲಿ ಸಡಿಲ ಬಿಟ್ಟು, ಉದ್ದ ಕೂಡಿಸಿ, ಅಪೂರ್ವ ಆ ಗೆರೆಗಳ ಮೇಲೆಯೇ ಕೋಟು ಎಳೆದಳು. ಹೊಲಿದು ಮುಗಿಸಿ ಗೋಡೆಗೆ ತೂಗುಹಾಕಿ ನೋಡಿದಾಗ ಎಷ್ಟು ಸರಿಯಾಗಿ ಕಂಡಿತೆಂದರೆ ಅವಳು ಒಬ್ಬಳೇ ನಕ್ಕಿದ್ದಳು. ತಪ್ಪು ಕಾಣಬೇಕಾದ ಕಣ್ಣೇ ಆ ಇಳಿಜಾರಿಗೆ ಒಗ್ಗಿಹೋಗಿತ್ತು.

ಮಾಗಡಿ ರೋಡ್ ಸ್ಟೇಷನ್ನಿನಲ್ಲಿ ಇಳಿದು ಅವಳು ನಡೆದೇ ಹೋದಳು. ಗೋದಾಮಿನ ಒಳಗೆ ತಂಪಾಗಿತ್ತು, ಹೊಸ ಸುಣ್ಣದ ವಾಸನೆ. ಉದ್ದ ಹಜಾರದಲ್ಲಿ ತಲೆಯಿಲ್ಲದ ಬಿಳಿ ಬೊಂಬೆಗಳು ಸೀಸನ್ನಿನ ಪ್ರಕಾರ ನಿಂತಿದ್ದವು, ಬೇಸಿಗೆಯವು ಒಂದು ಕಡೆ, ಚಳಿಗಾಲದವು ಒಂದು ಕಡೆ, ಬೆಂಗಳೂರಿನಲ್ಲಿ ಯಾರೂ ಕಂಡಿರದ ಯಾವುದೋ ಹಿಮದ ಊರಿಗೆ ಹೊರಟವರಂತೆ. ಸುಘೋಷ್ ಏಣಿಯಿಂದ ಇಳಿದು ಬಂದ. ಉಲ್ಲಾಳದಿಂದ ಎರಡು ಬಸ್ಸು ಬದಲಿಸಿ ಬರುವ ತೆಳ್ಳನೆಯ ಹುಡುಗ. ಕೂದಲಲ್ಲೆಲ್ಲ ಬಿಳಿ ಫೋಮಿನ ಚೂರು, ಕೈಯಲ್ಲಿ ಬ್ರೆಡ್ ಕುಯ್ಯುವ ಉದ್ದದ ಚಾಕು.

"ಹೆದರ್ಬೇಡಿ, ಇದೇ ನನ್ನ ಟೂಲು" ಎಂದ. "ಬೇಕರಿ ಅಂಗಡೀಲಿ ತಗೊಂಡಿದ್ದು."

ಅವನು ಅವಳನ್ನು ಸಾಲಿನ ಮಧ್ಯೆ ಕರೆದುಕೊಂಡು ಹೋದ, ನೆಂಟರನ್ನು ಪರಿಚಯಿಸುವವನ ಹಾಗೆ. ಒಂದು ಜರಿಯ ಗೌನಿನ ಬೊಂಬೆಯ ಸೊಂಟವನ್ನು ಎರಡು ಕಡೆಯಿಂದ ಕೊರೆದಿದ್ದ: "ಇವ್ರು ಉಸಿರು ಬಿಗಿ ಹಿಡ್ಕೊಂಡು ಹಾಕ್ಕೊಂಡಿದ್ರು ಅನ್ಸತ್ತೆ. ರಿಸೆಪ್ಷನ್ ಮುಗಿಯೋವರ್ಗೂ ಊಟ ಮಾಡಿರಲ್ಲ." ಇನ್ನೊಂದರ ಹೊಟ್ಟೆಗೆ ಹತ್ತಿ ಸುತ್ತಿದ್ದ: "ಇವ್ರು ಮಾಡಿದಾರೆ." ಗೂಳಪ್ಪನ ಟೈಲರಂಗಡಿ ನೋಡುತ್ತ ಬೆಳೆದ ಅಪೂರ್ವಳ ಕಣ್ಣಿಗೆ ಇದೆಲ್ಲ ತಲೆಕೆಳಗಾಗಿ ಕಂಡಿತು. ಅಲ್ಲಿ ಮೈ ಹೇಳಿದ ಹಾಗೆ ಬಟ್ಟೆ ಕೇಳುತ್ತದೆ. ಇಲ್ಲಿ ಬಟ್ಟೆ ಹೇಳಿದ ಹಾಗೆ ಮೈ. "ಇಲ್ಲಿಗೆ ಬಂದ ಬಟ್ಟೆಗೆ ಸೂಜಿ ಮುಟ್ಟಿಸೋ ಹಾಗಿಲ್ಲ" ಎಂದ ಸುಘೋಷ್. "ನಿಮ್ಮ ಕೋಟು ಇನ್ನೂ ರಿಜಿಸ್ಟರ್‌ಗೆ ಏರಿಲ್ಲ. ನಾಲ್ಕು ಗಂಟೆಗೆ ಸೈನ್ ಆಗತ್ತೆ. ಆಮೇಲೆ ನಾನೂ ಮುಟ್ಟೋ ಹಾಗಿಲ್ಲ, ನೀವೂ ಮುಟ್ಟೋ ಹಾಗಿಲ್ಲ. ಅದಕ್ಕೇ ಕೇಳ್ತಿರೋದು. ಇದು ಹೊಲಿಗೆ ತಪ್ಪಾ, ಇಲ್ಲಾ ಯಾರದಾದ್ರೂ ಮೈಯಾ? ಹೊಲಿಗೆ ತಪ್ಪಾದ್ರೆ ನೀವು ಬಿಚ್ಚಿ. ಮೈಯಾದ್ರೆ ನಾನು ಬೊಂಬೆ ಕುಯ್ತೀನಿ."

ಹಜಾರದ ಕೊನೆಯಲ್ಲಿ, ದೀಪದ ಕೆಳಗೆ, ಕರಿ ಕೋಟು ನಿಂತಿತ್ತು. ಬೊಂಬೆಯ ಭುಜಗಳು ಅಡಿಪಟ್ಟಿಯಿಟ್ಟು ಗೆರೆ ಎಳೆದಷ್ಟು ಸಮ. ಅವುಗಳ ಮೇಲೆ ಅಜ್ಜಿಯ ಕೋಟು ಪರರ ಮನೆಯ ಕುರ್ಚಿಯ ತುದಿಯಲ್ಲಿ ಕೂತವರ ಹಾಗೆ ಅರೆಮನಸ್ಸಿನಲ್ಲಿ ಕೂತಿತ್ತು. ಹೇಳಿಬಿಡಬೇಕೆಂದು ಅಪೂರ್ವ ಬಾಯಿ ತೆರೆದಳು. ಇದು ನಮ್ಮಜ್ಜಿಯ ಮೈ. ಮೂರೇ ಮಾತು. ಆದರೆ ಆ ಜರಿಯ ಗೌನು, ಆ ಹಿಮದ ಊರಿನ ಹೆಂಗಸರು, ಅವರ ನಡುವೆ ಬಿನ್ನಿಪೇಟೆಯ ಮಿಲ್ಲಿನ ಶಿವಕ್ಕ, ಅದೂ ಒಂದು ಹಳೆಯ ಹತ್ತಿ ರವಿಕೆಯ ದಾರಿ ಹಿಡಿದು ಒಳಗೆ ನುಸುಳಿ ಬಂದವಳು. ಇದನ್ನು ಹೇಳಿದರೆ ಈ ಹುಡುಗ ನಗುತ್ತಾನೆ, ಗಿರಿರಾಜ್ ಕೋಟನ್ನೇ ವಾಪಸ್ ಒಯ್ಯುತ್ತಾರೆ, ತಾನು ಕತ್ತರಿಸಿದ್ದೊಂದು ಮೊದಲ ಸಲ ನಾಲ್ಕು ಜನ ನೋಡುವಲ್ಲಿ ನಿಲ್ಲಬೇಕಿದ್ದದ್ದು ನಿಲ್ಲುವುದಿಲ್ಲ.

"ಹೊಲಿಗೆ ತಪ್ಪು" ಎಂದಳು.

"ಓ" ಎಂದ ಸುಘೋಷ್. ಚಾಕುವನ್ನು ಜೇಬಿನ ಬಟ್ಟೆಗೆ ಒರೆಸಿಕೊಂಡ. ಅವನಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು. "ನಾನು ಯಾರೋ ಇದಾರೆ ಅನ್ಕೊಂಡಿದ್ದೆ."

ಗಿರಿರಾಜ್‌ಗೆ ಫೋನ್ ಮಾಡಿದರೆ ಅವರು ಇನ್ನೂ ಮುಂಬೈಯ ಏರ್‌ಪೋರ್ಟ್ ರಸ್ತೆಯಲ್ಲಿದ್ದರು. "ಎಡಭುಜದ ಹೊಲಿಗೆ ಬಿಚ್ಚಿ ಎತ್ತಿಬಿಡು, ಎರಡು ಗಂಟೆ ಕೆಲಸ, ನಾನು ಮೂರಕ್ಕೆ ಬರ್ತೀನಿ" ಎಂದರು, ಇಷ್ಟಕ್ಕೆಲ್ಲ ಫೋನ್ ಯಾಕೆ ಎನ್ನುವ ದನಿಯಲ್ಲಿ. ಹೌದು, ಅಷ್ಟೇ ಕೆಲಸ. ಒಳಗೆ ಒಂದಿಂಚು ಬಟ್ಟೆ ಬಿಟ್ಟೇ ಹೊಲಿದಿದ್ದಳು. ಎತ್ತಿದರೆ ಮುಕ್ಕಾಲು ಇಂಚು ಸಲೀಸಾಗಿ ಸಿಗುತ್ತಿತ್ತು. ಮೇಜಿನ ಮೇಲೆ ಕೋಟನ್ನು ಬೋರಲು ಮಲಗಿಸಿ, ದಾಳಿಂಬೆ ರೇಷ್ಮೆಯ ಅಂಚಿನಲ್ಲಿ ಮೊದಲ ಹೊಲಿಗೆಯನ್ನು ಚುಚ್ಚಿ ಎತ್ತಿದಳು. ಪುಟ್ಟ ಸದ್ದಾಯಿತು, ಹಲ್ಲಿನಲ್ಲಿ ದಾರ ಕಡಿದ ಹಾಗೆ. ಎರಡನೆಯದು. ಮೂರನೆಯದು. ಅಪೂರ್ವಳ ಏಳನೇ ಕ್ಲಾಸಿನ ಸ್ಕೂಲ್ ಡೇ ದಿನ ಅಜ್ಜಿ ಕನ್ನಡಿಯ ಮುಂದೆ ನಿಂತಿದ್ದಳು, ನೇರಳೆ ಸೀರೆ, ಮಲ್ಲಿಗೆ ದಂಡೆ. ಹಿಂದಿನ ದಿನ ರಿಹರ್ಸಲ್‌ಗೆ ಬಿಡಲು ಬಂದಿದ್ದ ಅಜ್ಜಿಯನ್ನು ನೋಡಿ ಯಾರೋ ಹುಡುಗಿ, ನಿಮ್ಮಜ್ಜಿ ಸೊಟ್ಟಗಿದಾರೆ ಕಣೇ, ಎಂದಿದ್ದಳು, ಕೆಟ್ಟ ಮನಸ್ಸಿನಿಂದಲ್ಲ, ಸುಮ್ಮನೆ ಕಂಡದ್ದನ್ನು ಕಂಡಂತೆ. ಅಪೂರ್ವ ತಾತನ ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ತಂದು, ಅಜ್ಜಿ, ಇದನ್ನ ಇಲ್ಲಿ ಇಟ್ಕೋ, ಫೋಟೋ ತೆಗೀತಾರೆ, ಎಂದು ರವಿಕೆಯೊಳಗೆ ಎಡಭುಜದ ಮೇಲೆ ತೂರಿಸಿ ಪಿನ್ನು ಹಾಕಿದಳು. ಅಜ್ಜಿ ಯಾಕೆ ಎಂದು ಕೇಳಲಿಲ್ಲ. ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ, "ಆಹಾ, ಈಗ ನಾನೂ ಸಮ ಆದೆ" ಎಂದಳು. ಇಡೀ ದಿನ ಆ ಭುಜ ಅಲುಗದಂತೆ ಕತ್ತು ನೆಟ್ಟಗೆ ಹಿಡಿದು ನಡೆದಳು, ನೆಟ್ಟಗೆ ಕೂತಳು, ಚಪ್ಪಾಳೆಯನ್ನೂ ಬಲಗೈಯನ್ನು ತೊಡೆಗೆ ತಟ್ಟಿ ಹೊಡೆದಳು. ವಾಪಸ್ ಬರುವಾಗ ಬಸ್ಸು ಹಂಪ್ ಹಾರಿದಾಗ ಪಿನ್ನು ಬಿಚ್ಚಿ ಕರ್ಚೀಫು ತೋಳಿನಿಂದ ಜಾರಿ ಮಡಿಲಿಗೆ ಬಿತ್ತು. ಅಜ್ಜಿ ಅದರಲ್ಲೇ ಮುಖದ ಬೆವರು ಒರೆಸಿಕೊಂಡು, ಸದ್ಯ, ಎಂದು ನಕ್ಕಳು. ಅಪೂರ್ವ ಕಿಟಕಿಯಾಚೆ ನೋಡುತ್ತಿದ್ದಳು. ಆ ಫೋಟೋ ಇನ್ನೂ ಗೋಡೆಯ ಮೇಲಿದೆ. ಬಂದವರೆಲ್ಲ, ಎಷ್ಟು ಗತ್ತಾಗಿ ನಿಂತಿದಾರೆ ನಿಮ್ಮಜ್ಜಿ, ಎನ್ನುತ್ತಾರೆ. ನಾಲ್ಕನೆಯ ಹೊಲಿಗೆ, ಐದನೆಯದು. ಕೈ ನಿಂತಿತು.

"ಇಲ್ಲೇ ಇರೋದಾ ಅವಳು? ಅಪ್ಪೂ ಅಂತ, ಕನ್ನಡಕ ಹಾಕ್ಕೊಂಡಿರ್ತಾಳೆ, ಕರೆದ್ರೆ ಕೇಳ್ಸಲ್ಲ ಅವಳಿಗೆ, ಕನಸು ಕಾಣ್ತಿರ್ತಾಳೆ."

ಬಾಗಿಲಲ್ಲಿ ಸೆಕ್ಯುರಿಟಿಯವನ ಮುಂದೆ ಅಜ್ಜಿ ನಿಂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ, ಕಂಕುಳಲ್ಲಿ ಛತ್ರಿ. ಸ್ಟುಡಿಯೋಗೆ ಫೋನ್ ಮಾಡಿ ವಿಳಾಸ ತಿಳಿದು ಆಟೋ ಹಿಡಿದು ಬಂದಿದ್ದಳು. ಅಷ್ಟು ಹೊತ್ತಿಗೆ ಆ ಸೆಕ್ಯುರಿಟಿಯವನಿಗೆ ಈ ಗೋದಾಮಿನಲ್ಲಿ ಹಿಂದೆ ಏನಿತ್ತು, ಇದರ ಪಕ್ಕದ ಇರಾನಿ ಹೋಟೆಲಿನಲ್ಲಿ ಬನ್ನು ಎಷ್ಟು ದೊಡ್ಡದಿತ್ತು ಎಂಬುದೆಲ್ಲ ಗೊತ್ತಾಗಿಹೋಗಿತ್ತು.

"ಅಜ್ಜಿ, ನೀನ್ಯಾಕೆ ಬಂದೆ?"

"ರವಿಕೆ ಕೊಡೇ. ಅಳತೇದು. ಗೂಳಪ್ಪ ಶನಿವಾರದೊಳಗೆ ಹೊಲ್ಕೊಡ್ತೀನಿ ಅಂದಿದಾನೆ. ನಿನ್ನ ನಂಬ್ಕೊಂಡ್ರೆ ನಾನು ಮದುವೆಗೆ ಶಾಲು ಹೊದ್ಕೊಂಡು ಹೋಗ್ಬೇಕಾಗತ್ತೆ." ಅಷ್ಟರಲ್ಲಿ ಅವಳ ಕಣ್ಣು ಮೇಜಿನ ಮೇಲೆ ಬಿತ್ತು. ಹತ್ತಿರ ಬಂದು ಮೂಸಿದಳು. "ಕಂಬಳಿ ಅಲ್ವೇನೇ ಇದು? ಕಂಬಳೀಲಿ ಕೋಟಾ? ಇದನ್ನ ಯಾರು ದುಡ್ಡು ಕೊಟ್ಟು ಹಾಕ್ಕೋತಾರೆ?"

ಯಾರೂ ಅಲ್ಲ ಅಜ್ಜಿ, ನೋಡೋಕೆ ಮಾತ್ರ, ಎಂದು ಹೇಳಬೇಕಿದ್ದವಳ ಬಾಯಲ್ಲಿ ಬೇರೆಯೇ ಬಂತು. "ಇದು ನಿನ್ನ ಅಳತೆ" ಎಂದಳು. "ನಿನ್ನ ರವಿಕೆ ಇಟ್ಕೊಂಡೇ ಕತ್ತರಿಸ್ದೆ. ಭುಜ ಎಲ್ಲ ನಿಂದೇ."

ಅಜ್ಜಿ ಛತ್ರಿಯನ್ನು ಮೇಜಿಗೆ ಒರಗಿಸಿದಳು. ಬುಟ್ಟಿಯನ್ನು ಕೆಳಗಿಟ್ಟಳು. ಅಪೂರ್ವ ಬಾಗಿದ ಆ ಬೆನ್ನಿನಲ್ಲಿ ಕರ್ಚೀಫನ್ನು ಕಂಡಳು, ಬಸ್ಸನ್ನು ಕಂಡಳು, ಇಷ್ಟು ವರ್ಷ ಅಜ್ಜಿಗೆ ಆ ದಿನ ನೆನಪಿದೆಯೇ ಎಂದು ಕೇಳದೆ ಬಿಟ್ಟ ಎಲ್ಲ ಸಂಜೆಗಳನ್ನೂ ಕಂಡಳು.

"ಅಂದ್ರೆ" ಎಂದಳು ಅಜ್ಜಿ ನಿಧಾನವಾಗಿ, "ನನಗೆ ಒಂದು ರವಿಕೆ ಹೊಲ್ಕೊಡೋಕೆ ನಿನಗೆ ಟೈಮಿಲ್ಲ. ನನ್ನ ಅಳತೇಲಿ ತಲೆಯಿಲ್ಲದ ಬೊಂಬೆಗೆ ಕೋಟು ಹೊಲಿಯೋಕೆ ಟೈಮಿದೆ."

ಹಿಂದೆ ಯಾರೋ ಕೆಮ್ಮಿದ ಹಾಗೆ ನಕ್ಕರು. ಸುಘೋಷ್. ಏಣಿಯ ಎರಡನೇ ಮೆಟ್ಟಿಲ ಮೇಲೆ ಎಲ್ಲ ಕೇಳಿಸಿಕೊಂಡು ನಿಂತಿದ್ದ. ಅವನು ಅಜ್ಜಿಯ ಬೆನ್ನನ್ನು ನೋಡಿದ, ಕೋಟನ್ನು ನೋಡಿದ, ಮತ್ತೆ ಬೆನ್ನನ್ನು ನೋಡಿದ. ಅವನ ಮುಖದಲ್ಲಿ ಕಳೆದುಹೋಗಿದ್ದ ನೆಂಟರು ಮದುವೆಮನೆಯಲ್ಲಿ ಸಿಕ್ಕಂಥ ಸಂಭ್ರಮ. "ಇದಾರಲ್ಲ" ಎಂದ. "ನೀವು ಹೊಲಿಗೆ ತಪ್ಪು ಅಂದ್ರಿ."

"ಸುಳ್ಳು ಹೇಳಿದೆ" ಎಂದಳು ಅಪೂರ್ವ.

ಹೇಳಿದ ಮೇಲೆ ತಿಳಿಯಿತು, ಅದು ಎಷ್ಟು ಹಗುರವಾದ ಮಾತೆಂದು. ಬೆಳಗಿನಿಂದ ಬರೀ ಭುಜಗಳೇ ಕಾಣುತ್ತಿದ್ದ ಕಣ್ಣಿಗೆ ಮುಖಗಳು ಕಾಣತೊಡಗಿದವು: ಸುಘೋಷನ ಹುಬ್ಬಿನ ಮೇಲಿನ ಫೋಮಿನ ಚೂರು, ಅಜ್ಜಿಯ ಮೂಗಿನ ಮೇಲೆ ಆಟೋದ ಧೂಳು. ಸೂಜಿಗೆ ದಾರ ಪೋಣಿಸಿ, ಬಿಚ್ಚಿದ ಐದು ಹೊಲಿಗೆಗಳನ್ನು ಒಂದೊಂದಾಗಿ ಇದ್ದಲ್ಲಿಗೇ ಹಾಕಲು ಕೂತಳು. ಗಿರಿರಾಜ್ ಬರುವ ಮೊದಲು ಅದು ಮುಗಿದಿರಬೇಕು. ಮುಗಿದಿದ್ದರೆ, ಬಿಚ್ಚು ಎಂದು ಅವರು ಹೇಳಿದಾಗ ಇನ್ನೊಮ್ಮೆ ಮೊದಲಿನಿಂದ ಬಿಚ್ಚಬೇಕಾಗುತ್ತದೆ, ಆ ಮೊದಲ ಹೊಲಿಗೆಗೆ ತನ್ನ ಕೈ ಏಳುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು.

ಗಿರಿರಾಜ್ ಮೂರು ಹತ್ತಕ್ಕೆ ಬಂದರು. ಬಿಳಿ ಕುರ್ತಾ, ಕಣ್ಣಿನ ಸುತ್ತ ವಿಮಾನದ ಆಯಾಸ. ನೇರ ಮೇಜಿನ ಬಳಿ ಹೋಗಿ ಕೋಟಿನ ಭುಜವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. "ಇನ್ನೂ ಬಿಚ್ಚಿಲ್ವಾ?"

"ಬಿಚ್ಚಲ್ಲ ಸಾರ್."

ಆ ದನಿ ತನ್ನದೇ ಎಂದು ಅಪೂರ್ವಳಿಗೆ ಸ್ವಲ್ಪ ತಡವಾಗಿ ಗೊತ್ತಾಯಿತು. ಅವಳು ಹೇಳಿದಳು, ಚಾರ್ಟು, ಟೆಂಪೋ ಹತ್ತಿದ ಬೊಂಬೆಗಳು, ಚೀಲದ ತಳದ ರವಿಕೆ, ಎಲ್ಲ. ಹೇಳುವಾಗ ಕೋಟಿನ ಗುಂಡಿಯನ್ನೇ ನೋಡುತ್ತಿದ್ದಳು. ಇದನ್ನು ತೆಗೆಯುವುದಾದರೆ ಪೂರ್ತಿ ತೆಗೆಯಿರಿ, ಭುಜ ಎತ್ತಿ ನಿಲ್ಲಿಸುವುದು ಬೇಡ, ಎಂಬುದನ್ನೂ ಹೇಳಿದಳು. ಹೇಳುತ್ತ ಹೇಳುತ್ತ ತಾನು ಏನನ್ನು ಕೈಬಿಡುತ್ತಿದ್ದೇನೆಂದು ಅವಳಿಗೆ ಗೊತ್ತಾಗುತ್ತಿತ್ತು.

"ಸೋ" ಎಂದರು ಗಿರಿರಾಜ್. "ನಾನು ಸ್ಕೆಚ್ ಕೊಟ್ಟೆ. ನೀನು ನಿಮ್ಮಜ್ಜಿ ರವಿಕೆ ಮೇಲೆ ಕತ್ತರಿಸ್ದೆ. ನಾನು ಮುಂಬೈಯಿಂದ ವಿಡಿಯೋ ಕಾಲ್‌ನಲ್ಲಿ ನೋಡಿ ಬ್ಯೂಟಿಫುಲ್ ಅಂದೆ."

"ಎರಡು ಸಲ ಅಂದ್ರಿ ಸಾರ್."

"ಏನಪ್ಪಾ, ನೀನೇನಾ ಗಿರಿರಾಜ?" ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಕೇಳಿದಳು. "ಬೇಸಿಗೇಲಿ ಚಳಿಗಾಲದ ಬಟ್ಟೆ ಹೊಲಿಸೋನು? ಇವಳನ್ನ ಸ್ವಲ್ಪ ಬೇಗ ಮನೆಗೆ ಕಳ್ಸು. ಮನೇಲಿ ಯಾವ ಕಾಲ ನಡೀತಿದೆ ಅಂತಾನೇ ಮರ್ತುಬ್ಟಿದಾಳೆ."

ಗಿರಿರಾಜ್ ತಿರುಗಿದರು. ನಗಬೇಕೋ ಬೇಡವೋ ಎಂದು ನಿರ್ಧರಿಸುತ್ತಿದ್ದ ಅವರ ಮುಖ ಅಲ್ಲೇ ನಿಂತಿತು. "ಅಜ್ಜಿ, ಒಂದ್ನಿಮಿಷ ಎದ್ದು ನಿಂತ್ಕೋತೀರಾ? ಹಿಂದೆ ತಿರುಗಿ." ಅಜ್ಜಿ ಗೊಣಗುತ್ತ ಎದ್ದು ತಿರುಗಿದಳು. ಅವರು ನಾಲ್ಕು ಹೆಜ್ಜೆ ದೂರ ಹೋಗಿ, ಹೊಸ ಬಟ್ಟೆಯ ಥಾನು ಬಿಚ್ಚಿದಾಗ ನೋಡುವ ಹಾಗೆ, ತಲೆ ಒಂದು ಕಡೆ ಓರೆ ಮಾಡಿ ನೋಡಿದರು. ಅಂಗೈಯನ್ನು ಗಾಳಿಯಲ್ಲೇ ಆ ಇಳಿಜಾರಿನ ಉದ್ದಕ್ಕೂ ಒಮ್ಮೆ ಇಳಿಸಿದರು.

"ಬಿಚ್ಚಿ ಎತ್ತಿದ್ರೆ ಇದೊಂದು ಒಳ್ಳೆ ಕೋಟಾಗತ್ತೆ" ಎಂದರು ಕೊನೆಗೆ. "ಒಳ್ಳೆ ಕೋಟು ನನ್ನ ಹತ್ರ ಇಪ್ಪತ್ತಿದೆ." ಸುಘೋಷನ ಕಡೆ ನೋಡಿದರು. "ನಿಮ್ಮ ಚಾಕು ಚೂಪಾಗಿದೆಯಾ?" ಆಮೇಲೆ ಅಪೂರ್ವಳಿಗೆ, ದನಿ ತಗ್ಗಿಸಿ: "ಮುಂದಿನ ಸಲ ನನಗೆ ಹೇಳಿ ಮಾಡು. ಹೇಳಿದ್ರೆ ಬೇಡ ಅಂತಿದ್ದೆ, ಅದು ಬೇರೆ ವಿಷಯ."

ಮುಂದಿನ ಅರ್ಧ ಗಂಟೆ ಅಪೂರ್ವಳಿಗೆ ಹಬ್ಬದ ಬೆಳಗಿನ ಹಾಗೆ ಚೂರುಚೂರಾಗಿ ನೆನಪಿರುತ್ತದೆ. ಕೋಟು ಕಳಚಿದ ಬೊಂಬೆಯ ಪಕ್ಕದಲ್ಲೇ ಅಜ್ಜಿಯನ್ನು ನಿಲ್ಲಿಸಿದ್ದು. ಒಂದು ದಾರಕ್ಕೆ ಬೀಗದಕೈ ಕಟ್ಟಿ ಕತ್ತಿನಿಂದ ತೂಗುಬಿಟ್ಟು ಸುಘೋಷ್ ಅಳತೆ ಬರೆದುಕೊಂಡದ್ದು. ಅಜ್ಜಿ, ಕಚಗುಳಿ ಆಗತ್ತೆ ಕಣಪ್ಪಾ, ಎಂದು ಎರಡು ಸಲ ಅಲುಗಾಡಿ ಎರಡು ಸಲವೂ ಅಳತೆ ಕೆಡಿಸಿದ್ದು. ಚಾಕು ಫೋಮಿನೊಳಗೆ ಇಳಿಯಿತು. ಬಿಳಿ ಹುಡಿ ಮಂಡಕ್ಕಿಯ ಹಾಗೆ ಹಾರಿ ಗಿರಿರಾಜ್‌ರ ಕುರ್ತಾದ ಮೇಲೆ, ಅಜ್ಜಿಯ ತುರುಬಿನ ಮೇಲೆ ಕೂತಿತು. "ಭುಜ ಯಾಕಜ್ಜಿ ಹೀಗಾಯ್ತು?" ಎಂದು ಸುಘೋಷ್ ಕುಯ್ಯುತ್ತಲೇ ಕೇಳಿದ. ಅಜ್ಜಿ ಗಂಟಲು ಸರಿಮಾಡಿಕೊಂಡಳು. ಅಪೂರ್ವ ಅದುವರೆಗೆ ಕೇಳಿರದ ಕಥೆಯೊಂದು ಶುರುವಾಯಿತು: ಒಂದೂರಿನಲ್ಲಿ ಒಬ್ಬ ಮುದುಕನಿದ್ದ, ಅವನ ನೆರಳಿಗೆ ಅವನಿಗಿಂತ ಹೆಚ್ಚು ವಯಸ್ಸಾಗಿತ್ತು, ನಡೆಯಲಾರದ ನೆರಳನ್ನು ಹೊತ್ತು ತಿರುಗಲು ಅವನಿಗೆ ಒಬ್ಬಳು ಹುಡುಗಿ ಬೇಕಾಗಿದ್ದಳು. ಗಿರಿರಾಜ್ ಫೋನನ್ನು ಸೈಲೆಂಟಿಗೆ ಹಾಕಿ ಕೇಳಿದರು. ಕಾಲು ಇಂಚು, ಅರ್ಧ ಇಂಚು. ನೆರಳು ಹುಡುಗಿಯ ಹೆಗಲೇರಿ ಊರು ದಾಟುವ ಹೊತ್ತಿಗೆ ಮುಕ್ಕಾಲು ಇಂಚು ಆಗಿತ್ತು.

ಕೋಟನ್ನು ತೊಡಿಸಿದವಳು ಅಪೂರ್ವ. ಎಡತೋಳು ಮೊದಲು, ಆಮೇಲೆ ಬಲ. ಕಾಲರು ಕತ್ತಿಗೆ ಬಂದು ಒರಗಿತು. ಸುಕ್ಕು ಒಂದು ಕ್ಷಣ ಅನುಮಾನಿಸಿ ನಿಂತು, ಆಮೇಲೆ ಎಲ್ಲಿ ಹೋಯಿತೋ, ಕಂಬಳಿಯ ಕಪ್ಪಿನಲ್ಲಿ ಇಳಿದುಹೋಯಿತು. ತಲೆಯಿಲ್ಲದ, ಕಾಲಿಲ್ಲದ ಆ ಬಿಳಿ ಮೈ ಈಗ ಯಾರೋ ಒಬ್ಬಳಾಗಿತ್ತು. ಬಸ್ಸಿಗೆ ಕಾಯುತ್ತಿರುವವಳು, ಬಸ್ಸು ತಡವಾದರೆ ಪಕ್ಕದವರಿಗೆ ಕಥೆ ಹೇಳುವವಳು. ಸುಘೋಷ್ ರಿಜಿಸ್ಟರ್ ತೆರೆದ. ಬಟ್ಟೆ, ಬಣ್ಣ, ಸೀಸನ್, ವಿನ್ಯಾಸ ಯಾರದು, ಎಲ್ಲ ತುಂಬಿದ ಮೇಲೆ ಒಂದು ಸಾಲು ಉಳಿದಿತ್ತು. "ಯಾರಿಗಾಗಿ ಮಾಡಿದ್ದು ಅಂತ ಬರೀಬೇಕು" ಎಂದ. ಗಿರಿರಾಜ್ ಅಪೂರ್ವಳ ಕಡೆ ನೋಡಿದರು.

"ಶಿವಕ್ಕ" ಎಂದಳು ಅಪೂರ್ವ. ಈ ಸಲ ಗಟ್ಟಿಯಾಗಿ. "ಆರ್‌ಪಿಸಿ ಲೇಔಟ್."

ನಾಲ್ಕು ಗಂಟೆಗೆ ಎಲ್ಲರೂ ಸೈನ್ ಹಾಕಿದರು. ಕೋಟಿನ ಸುತ್ತ ಹಗ್ಗ ಬಂತು, ಮುಟ್ಟಬಾರದು ಎಂಬ ಫಲಕ ಬಂತು, ದೀಪಗಳು ಒಂದೊಂದಾಗಿ ಹತ್ತಿದವು. ಅಜ್ಜಿ ಅಳತೆಯ ರವಿಕೆಯನ್ನು ಬುಟ್ಟಿಗೆ ಹಾಕಿ, ಬುಟ್ಟಿ ಛತ್ರಿ ಎತ್ತಿಕೊಂಡು ಹೊರಟವಳು, ಬಾಗಿಲವರೆಗೆ ಹೋದವಳು, ತಿರುಗಿ ನೋಡಿದಳು. ಆಮೇಲೆ ಸರಸರ ಬಂದು, ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಹಗ್ಗ ದಾಟಿದಳು. ಸುಘೋಷ್ ಬಾಯಿ ತೆರೆದ. ತೆರೆದವನು ರಿಜಿಸ್ಟರನ್ನು ಮುಖಕ್ಕೆ ಅಡ್ಡ ಹಿಡಿದು, ಬಹಳ ಮುಖ್ಯವಾದದ್ದೇನನ್ನೋ ಓದುವವನಂತೆ ಗೋಡೆಯ ಕಡೆ ತಿರುಗಿಕೊಂಡ. ಅಜ್ಜಿ ಕೋಟಿನ ಹಿಂಭಾಗವನ್ನು ಮೆಲ್ಲಗೆ ಕೆಳಗೆ ಜಗ್ಗಿದಳು. ಕಾಲರಿನ ಮೇಲಿದ್ದ ಒಂದು ಬಿಳಿ ಚೂರನ್ನು ಚಿವುಟಿ ತೆಗೆದಳು. ಎಡಭುಜದ ಮೇಲೆ ಅಂಗೈಯಿಟ್ಟು, ಮೊದಲ ಸಲ ಸೀರೆಯುಟ್ಟು ಹೊರಟ ಹುಡುಗಿಯ ಭುಜ ಸವರುವ ಹಾಗೆ, ಎರಡು ಸಲ ಸವರಿದಳು.

"ಹ್ಞೂಂ, ಚೆನ್ನಾಗಿ ಕೂತಿದೆ" ಎಂದಳು ಬೊಂಬೆಗೆ. "ನಿಂತ್ಕೋ ಇನ್ನು. ಎಷ್ಟು ಜನ ಬರ್ತಾರೋ ಬರ್ಲಿ."